ಕತ್ತರಿಸಿ ತೆಗೆದ ಮೂಲೆ

ರೋಸ್ವಿತಾ ಹೆಂಪೆಲ್ ಅವರಿಗೆ ಈಗ ಎಪ್ಪತ್ತೊಂದು ವರ್ಷ. ಡ್ರೆಸ್ಡೆನ್ ನಗರದ ಉತ್ತರಕ್ಕಿರುವ ಚಿಪ್ ಕಾರ್ಖಾನೆಯೊಂದರಿಂದ ಆರು ವರ್ಷದ ಹಿಂದೆ ನಿವೃತ್ತರಾದರು. ಕೆಟ್ಟುಹೋದ ಚಿಪ್ಪನ್ನು ಪದರ ಪದರವಾಗಿ ಬಿಡಿಸಿ, ಅದು ಏಕೆ ಕೆಟ್ಟಿತು ಎಂದು ಹೇಳುವುದು ಅವರ ಕೆಲಸವಾಗಿತ್ತು. ಆ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರನ್ನೂ ಕೂರಿಸಿ ಗುಟ್ಟು ಕಾಪಾಡುವ ಪಾಠ ಹೇಳುತ್ತಿದ್ದರು. ಪರದೇಶದವರು ತಂತ್ರಜ್ಞಾನವನ್ನು ಹೇಗೆ ಕದಿಯುತ್ತಾರೆ, ರೈಲಿನಲ್ಲಿ ಪಕ್ಕದವರೊಡನೆ ಏನು ಮಾತಾಡಬಾರದು, ಹೀಗೆ. ಒಂದು ವರ್ಷ ಯಾರೋ ಎದ್ದು, ಕದ್ದ ಮೇಲೆ ಅವರು ಆ ಚಿಪ್ಪನ್ನು ಏನು ಮಾಡುತ್ತಾರೆ ಎಂದು ಕೇಳಿದರು. ಪಾಠ ಹೇಳುತ್ತಿದ್ದ ತರುಣಿಗೆ ಗೊತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ರೋಸ್ವಿತಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹದಿನಾರು ವರ್ಷ ಅದನ್ನೇ ಮಾಡಿದ್ದರು.

ಆ ಹದಿನಾರು ವರ್ಷ ಪೂರ್ವ ಜರ್ಮನಿಯ ಕಾಲದ್ದು. ಅದೇ ಊರಿನ ಇನ್ನೊಂದು ದಿಕ್ಕಿನಲ್ಲಿದ್ದ, ಈಗ ಇಲ್ಲದ ಸಂಸ್ಥೆಯೊಂದರದ್ದು. ಫೋಟೋ ತೊಳೆಯುವ ಕೆಲಸ ಕಲಿತು, ಇಪ್ಪತ್ತೊಂದನೇ ವಯಸ್ಸಿಗೆ ಅವರು ಅಲ್ಲಿ ಸೇರಿದರು. ಪಶ್ಚಿಮದ ಚಿಪ್ಪುಗಳು ಆ ದೇಶಕ್ಕೆ ಮಾರಾಟಕ್ಕೆ ಬರುತ್ತಿರಲಿಲ್ಲ, ಮಾರಕೂಡದೆಂದು ಪಶ್ಚಿಮದ ದೇಶಗಳ ಕಟ್ಟಪ್ಪಣೆಯಿತ್ತು. ಆದರೂ ಬರುತ್ತಿದ್ದವು. ಯಾರು ತಂದರು, ಯಾರ ಜೇಬಿನಲ್ಲಿ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ಭದ್ರತೆಯವರು ಸಣ್ಣ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಸಹಿ ಮಾಡಿಸಿಕೊಂಡು ಹೋಗುತ್ತಿದ್ದರು.

ಡಬ್ಬಿಯಲ್ಲಿ ಬಂದದ್ದನ್ನು ರೋಸ್ವಿತಾ ಕೊಲ್ಲಬೇಕಿತ್ತು. ಕವಚ ಒಡೆಯಬೇಕು, ಆಸಿಡ್‌ನಲ್ಲಿ ಒಂದು ಪದರ ಕರಗಿಸಬೇಕು, ಉಗುರಿನಷ್ಟು ಅಗಲದ ಆ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಆರುನೂರು ಫೋಟೋ ತೆಗೆಯಬೇಕು, ಮತ್ತೆ ಮುಂದಿನ ಪದರ. ಫೋಟೋಗಳನ್ನೆಲ್ಲ ಹಳೆಯ ವ್ಯಾಯಾಮಶಾಲೆಯ ನೆಲದ ಮೇಲೆ ಒಂದಕ್ಕೊಂದು ಹೊಂದಿಸಿ ಅಂಟಿಸುತ್ತಿದ್ದರು. ಅಲ್ಲಿ ಅರಮನೆ ನೋಡಲು ಬಂದವರಿಗೆ ನೆಲ ಸವೆಯದಿರಲೆಂದು ಕೊಡುವಂಥ ಉಣ್ಣೆಯ ಚಪ್ಪಲಿ ಹಾಕಿಕೊಂಡು, ಏಳು ಜನ ಹೆಂಗಸರು ಅದರ ಮೇಲೆ ತೆವಳುತ್ತ ಬಣ್ಣದ ಪೆನ್ಸಿಲ್ಲಿನಲ್ಲಿ ಚಿಪ್ಪಿನೊಳಗಿನ ಒಂದೊಂದು ತಂತಿಯ ಗೆರೆಯನ್ನೂ ಮಕ್ಕಳು ಅಕ್ಷರ ತಿದ್ದುವ ಹಾಗೆ ತಿದ್ದುತ್ತಿದ್ದರು. ಜೊತೆಗಿದ್ದ ಗುಡ್ರುನ್ ಅನ್ನುತ್ತಿದ್ದಳಂತೆ, "ಮನೆ ನೆಲ ಒರ್ಸೋದೂ ಮೊಣಕಾಲ ಮೇಲೆ, ಸಮಾಜವಾದ ಕಟ್ಟೋದೂ ಮೊಣಕಾಲ ಮೇಲೆ. ಏನ್ ವ್ಯತ್ಯಾಸ ಬಂತು ನಮಗೆ?"

ಹೀಗೆ ತಿದ್ದಿದ ಚಿತ್ರ ನೋಡಿ ಎಂಜಿನಿಯರುಗಳು ಅಂಥದ್ದೇ ಚಿಪ್ ಮಾಡಬೇಕು. ಅಂಥದ್ದೇ ಎಂದರೆ ಕೂದಲೆಳೆಯಷ್ಟೂ ಬದಲಾಗಬಾರದು. ಮೂಲಕ್ಕಿಂತ ಜಾಣರಾಗಲು ಹೋಗಬೇಡಿ ಎಂದು ನಿರ್ದೇಶಕರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು.

ಅಲ್ಲಿ ಇನ್ನೊಂದು ಪದ್ಧತಿಯಿತ್ತು. ಚಿಪ್ ಮಾಡಿದವರು ಅದರ ಒಂದು ಮೂಲೆಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ತಮ್ಮ ಕಂಪನಿಯ ಹೆಸರು ಬರೆದಿರುತ್ತಾರೆ. ಅದು ಯಾವ ಕಂಪನಿಯದೆಂದು ತಿಳಿದರೆ ತಂದುಕೊಟ್ಟವನ ಸುಳಿವು ಹೊರಬೀಳಬಹುದು ಎಂಬುದು ಭದ್ರತೆಯವರ ಭಯ. ಆದ್ದರಿಂದ ಫೋಟೋ ಅಂಟಿಸಿದ ದಿನವೇ ಭದ್ರತಾ ಅಧಿಕಾರಿ ನಿಚ್ಕೆ ಕತ್ತರಿ ಹಿಡಿದು ಬರುತ್ತಿದ್ದರು. ಬಗ್ಗಿ ಕೂತು ಆ ಮೂಲೆಯನ್ನು ಚೌಕವಾಗಿ ಕತ್ತರಿಸಿ ತೆಗೆಯುತ್ತಿದ್ದರು. ತಾವೂ ಓದಬಾರದೆಂದು ಆಗ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕತ್ತರಿಸಿದ ಚೂರು ವಿಭಾಗದ ಮುಖ್ಯಸ್ಥರ ಕಬ್ಬಿಣದ ಪೆಟ್ಟಿಗೆ ಸೇರುತ್ತಿತ್ತು. ಫೋಟೋ ತೆಗೆದವರೇ ರೋಸ್ವಿತಾ. ಆದ್ದರಿಂದ ಅವರು ಪ್ರತಿ ಸಲವೂ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು, ತಾನು ಆ ಮೂಲೆಯಲ್ಲಿ ಏನನ್ನೂ ಓದಿಲ್ಲ ಎಂದು.

ವಿಭಾಗದ ಮುಖ್ಯಸ್ಥರು ಡಾಕ್ಟರ್ ಎಬರ್‌ಹಾರ್ಡ್ ಲೋಜೆ. ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ. ಯಾರನ್ನೂ ಹೊಗಳಿದವರಲ್ಲ. ಆದರೆ ರೋಸ್ವಿತಾ ಕೇಳಿದ್ದಕ್ಕೆಲ್ಲ ಕೂತು ಉತ್ತರ ಕೊಡುತ್ತಿದ್ದರು. ಈ ತಂತಿ ಏಕೆ ಇಲ್ಲಿ ತಿರುಗಿತು, ಈ ಚೌಕ ಏನು ಮಾಡುತ್ತದೆ ಎಂದು ಕೇಳಿ ಕೇಳಿ, ಕಾಲೇಜಿಗೆ ಹೋಗದ ಆಕೆ ಹನ್ನೆರಡು ವರ್ಷದಲ್ಲಿ ಚಿಪ್ಪನ್ನು ಊರಿನ ಬೀದಿಗಳಂತೆ ಓದಲು ಕಲಿತರು. "ಆ ಚಿಪ್ ಬರೆದವರು ಯಾರೋ, ಅವರಿಗೂ ನಾನು ಋಣಿ. ಅವರನ್ನ ಕೇಳದೆ ಅವರ ಹತ್ರ ಕಲಿತೆ," ಎನ್ನುತ್ತಾರೆ ಈಗ. ಕಳ್ಳತನ ಎಂಬ ಮಾತನ್ನು ಅವರು ತಪ್ಪಿಸುವುದಿಲ್ಲ.

೧೯೮೬ರ ಮಾರ್ಚಿನಲ್ಲಿ ಬಂದ ಡಬ್ಬಿಯಲ್ಲಿ ಮೂರು ಚಿಪ್ ಇದ್ದವು. ಲೋಹ ಕೊರೆಯುವ ಯಂತ್ರಗಳನ್ನು ನಡೆಸುವ ಚಿಪ್ ಅದು. ಇಡೀ ದೇಶದ ಯಂತ್ರ ಕಾರ್ಖಾನೆಗಳು ಅದಕ್ಕಾಗಿ ಕಾಯುತ್ತಿದ್ದವು. ಒಂದು, ಕವಚ ಬಿಡಿಸುವಾಗಲೇ ಒಡೆಯಿತು. ಇನ್ನೊಂದು, ಮೇಲಿನ ಪದರದ ಫೋಟೋ ಮುಗಿದ ಮೇಲೆ ಬಿರುಕು ಬಿಟ್ಟಿತು. ಮೂರನೆಯದನ್ನು ರೋಸ್ವಿತಾ ಉಸಿರು ಬಿಗಿಹಿಡಿದು ತಳದವರೆಗೆ ಬಿಡಿಸಿದರು. ಈಗ ನೆಲದ ಮೇಲಿನ ಚಿತ್ರವೊಂದೇ ಉಳಿದದ್ದು.

ಮೇ ತಿಂಗಳಲ್ಲಿ, ಕೆಂಪು ಪೆನ್ಸಿಲ್ ಹಿಡಿದು ತೆವಳುತ್ತಿದ್ದಾಗ, ಅವರಿಗೆ ಎಲ್ಲಿಗೂ ಹೋಗದ ಒಂದು ತಂತಿ ಸಿಕ್ಕಿತು. ಯಂತ್ರದ ಎರಡು ಕಡೆಯಿಂದ ಒಟ್ಟಿಗೇ ಕರೆ ಬಂದರೆ ಒಂದನ್ನು ಕಾಯಿಸಿ ಇನ್ನೊಂದಕ್ಕೆ ಉತ್ತರ ಕೊಡುವ ಜಾಗ ಅದು. ಕಾಯಿಸುವ ಭಾಗದಿಂದ ಹೊರಟ ತಂತಿ ಸ್ವಲ್ಪ ದೂರ ಬಂದು ಸುಮ್ಮನೆ ನಿಂತಿತ್ತು. ತಾನೇ ಆಸಿಡ್ ಹೆಚ್ಚಾಗಿ ಹಾಕಿ ಸುಟ್ಟೆನೇನೋ ಎಂದು ಹೆದರಿ, ಬಿರುಕು ಬಿಟ್ಟ ಚಿಪ್ಪಿನ ಫೋಟೋ ಹುಡುಕಿ ನೋಡಿದರು. ಅದರಲ್ಲೂ ತಂತಿ ಅಲ್ಲೇ ನಿಂತಿತ್ತು. ಹಾಗಾದರೆ ಮೂಲದಲ್ಲೇ ಹಾಗಿದೆ. ಎಂಜಿನಿಯರುಗಳಿಗೆ ತೋರಿಸಿದಾಗ ಅವರು ನಕ್ಕರು. ಪಶ್ಚಿಮದವರು ಮಾಡಿದ್ದಾರೆಂದರೆ ಏನೋ ಅರ್ಥವಿರುತ್ತದೆ, ಇದ್ದ ಹಾಗೆ ತಿದ್ದು ಅಂದರು.

ರೋಸ್ವಿತಾ ಎರಡು ದಿನ ಹಾಗೆಯೇ ತಿದ್ದುತ್ತ ಹೋದರು. ಅವರಿಗೆ ಗೊತ್ತಿದ್ದ ಇನ್ನೊಂದು ವಿಷಯವಿತ್ತು, ಅದನ್ನು ಹೇಳಿದರೆ ಕೆಲಸ ಹೋಗುವುದಿರಲಿ, ಜೈಲೂ ಆಗಬಹುದಿತ್ತು. ಮನೆಯಲ್ಲಿ ಒಂಬತ್ತು ವರ್ಷದ ಮಗಳು. ಮೂರನೆಯ ದಿನ ಲೋಜೆ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಡಾಕ್ಟರೇ, ಇದು ಅಂಗಡಿಗೆ ಬಂದ ಮಾಲಲ್ಲ. ಅವರೇ ಬಿಸಾಕಿದ್ದು."

"ಹೇಗೆ ಹೇಳ್ತೀರಿ?"

"ಮೂಲೇಲಿ ಬರ್ದಿತ್ತು."

ಲೋಜೆ ಸೇದುತ್ತಿದ್ದ ಹೊಗೆಸೊಪ್ಪಿನ ಪೈಪನ್ನು ಕೆಳಗಿಟ್ಟರು. "ನೀವು ಏನೂ ಓದಿಲ್ಲ ಅಂತ ಸಹಿ ಹಾಕಿದೀರಿ, ಹೆಂಪೆಲ್ ಅವರೇ."

"ಹಾಕಿದೀನಿ."

"ಎಷ್ಟು ಓದಿದ್ರಿ?"

"ಎಲ್ಲಾನೂ. ಹನ್ನೆರಡು ವರ್ಷದ್ದು."

ಆಮೇಲೆ ವಿವರಿಸಿದರು. ಆ ಕಂಪನಿಯವರು ಹೆಸರಿನ ಕೆಳಗೆ ನಕ್ಷೆಯ ಸಂಖ್ಯೆಯನ್ನೂ ಹಾಕುತ್ತಾರೆ, ತಪ್ಪು ಸರಿಪಡಿಸಿದಾಗಲೆಲ್ಲ ಅದು ಒಂದೊಂದು ಏರುತ್ತದೆ. ಈ ಹಿಂದೆ ಬಂದ ಅವರ ಚಿಪ್ಪುಗಳಲ್ಲಿ ಮೂರು, ನಾಲ್ಕು, ಒಮ್ಮೆ ಆರು ಇತ್ತು. ಈ ಸಲ ಒಂದು. ಅಂದರೆ ಇದು ಮೊದಲ ಪ್ರಯತ್ನ, ತಪ್ಪು ಕಂಡು ಬದಿಗಿಟ್ಟದ್ದು. ಕದ್ದವನ ಕೈಗೆ ಸಿಕ್ಕಿದ್ದು ಅದು. ಯಾವ ಸುಳಿವನ್ನು ಎಂಜಿನಿಯರುಗಳು ಎಲ್ಲಕ್ಕಿಂತ ಮೊದಲು ನೋಡಬೇಕಿತ್ತೋ ಅದನ್ನೇ ನಿಚ್ಕೆಯವರ ಕತ್ತರಿ ತೆಗೆದುಹಾಕಿತ್ತು.

ಕಬ್ಬಿಣದ ಪೆಟ್ಟಿಗೆ ಲೋಜೆ ಅವರ ಬೆನ್ನ ಹಿಂದೆಯೇ ಇತ್ತು. ತೆರೆದು ನೋಡಿದರೆ ಆಕೆ ಹೇಳಿದ್ದು ನಿಜವೋ ಸುಳ್ಳೋ ಒಂದು ನಿಮಿಷದಲ್ಲಿ ತಿಳಿಯುತ್ತಿತ್ತು. ಆದರೆ ತೆರೆಯಬೇಕೆಂದರೆ ಭದ್ರತೆಯವರು ಪಕ್ಕದಲ್ಲಿರಬೇಕು, ಏಕೆ ತೆರೆದೆ ಎಂದು ಬರೆಯಬೇಕು. ಬರೆದರೆ ರೋಸ್ವಿತಾ ಹೆಸರು ಬರುತ್ತದೆ. ಲೋಜೆ ತಿರುಗಿ ಪೆಟ್ಟಿಗೆಯನ್ನೊಮ್ಮೆ ನೋಡಿದರು. ಮತ್ತೆ ಈ ಕಡೆ ತಿರುಗಿ, ಮೇಜಿನ ಮೇಲಿದ್ದ ಕೆಂಪು ಪೆನ್ಸಿಲ್ಲನ್ನು ಆಕೆಯ ಮುಂದೆ ಸರಿಸಿದರು.

"ಗೆರೆ ಎಲ್ಲಿ ಬರ್ಬೇಕು? ಎಳ್ದು ತೋರ್ಸಿ."

ಒಂದು ತಟ್ಟೆಯಷ್ಟು ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಕ್ಕೂ ಹೆಚ್ಚು ಚಿಪ್ಪುಗಳು ಒಟ್ಟಿಗೇ ತಯಾರಾಗುತ್ತವೆ. ಅದರಲ್ಲಿ ಐದು ಜಾಗವನ್ನು ಪರೀಕ್ಷೆಗೆಂದು ಬಿಟ್ಟಿರುತ್ತಾರೆ, ಅಲ್ಲಿ ಏನು ಹಾಕಬೇಕೆಂಬುದು ಮುಖ್ಯಸ್ಥರ ಇಷ್ಟ. ಲೋಜೆ ಆ ಐದು ಜಾಗದಲ್ಲಿ ರೋಸ್ವಿತಾ ಎಳೆದ ಗೆರೆಯಿರುವ ಚಿಪ್ ಹಾಕಿಸಿದರು. ಉಳಿದದ್ದೆಲ್ಲ ನಿಯಮದ ಪ್ರಕಾರ, ಮೂಲದಂತೆ. ಯಾರಿಗೂ ಹೇಳಲಿಲ್ಲ.

ಬಿಲ್ಲೆ ತಯಾರಾಗಿ ಪರೀಕ್ಷೆಗೆ ಬಂದದ್ದು ಮುಂದಿನ ಫೆಬ್ರವರಿಯಲ್ಲಿ. ಮೂಲದಂತೆ ಮಾಡಿದ ಚಿಪ್ಪುಗಳು ಎರಡು ಕರೆ ಒಟ್ಟಿಗೇ ಬಂದ ಕೂಡಲೇ ನಿಂತುಹೋದವು, ಒಂದೂ ಬಿಡದೆ. ರೋಸ್ವಿತಾ ಗೆರೆಯಿದ್ದ ಐದರಲ್ಲಿ ಎರಡು ಹುಟ್ಟುವಾಗಲೇ ಸತ್ತಿದ್ದವು, ಅದು ಅಲ್ಲಿ ಮಾಮೂಲು. ಮೂರು ಓಡಿದವು. ಮೂರು ದಿನ ಬಿಡದೆ ಓಡಿದವು.

ಖುಷಿಪಡಬೇಕಾದ ಸಂಗತಿಗೆ ಸಭೆ ಕರೆದು ವಿಚಾರಣೆ ಮಾಡಿದರು. ಮೂಲದಲ್ಲಿಲ್ಲದ ಗೆರೆ ಹೇಗೆ ಬಂತು ಎಂಬುದು ನಿಚ್ಕೆಯವರ ಪ್ರಶ್ನೆ. ಇಲ್ಲಿ ಯಾರಿಗೋ ಏನೋ ಹೆಚ್ಚು ಗೊತ್ತಿದೆ ಎಂಬುದು ಅವರ ಅನುಮಾನ, ಅದು ತಪ್ಪೂ ಆಗಿರಲಿಲ್ಲ. ಗೋಡೆಯ ಬದಿ ಕೂತಿದ್ದ ರೋಸ್ವಿತಾ ಹೇಳಿಬಿಡೋಣವೆಂದು ಕುರ್ಚಿಯಿಂದ ಅರ್ಧ ಎದ್ದಿದ್ದರು. ಲೋಜೆ ಆಕೆಯತ್ತ ತಿರುಗಿ, ಕಾಫಿ ಮುಗಿದಿದೆ, ಸ್ವಲ್ಪ ತರುತ್ತೀರಾ ಎಂದರು. ಹನ್ನೆರಡು ವರ್ಷದಲ್ಲಿ ಅವರು ಆಕೆಗೆ ಒಮ್ಮೆಯೂ ಕಾಫಿ ತರಲು ಹೇಳಿದವರಲ್ಲ. ರೋಸ್ವಿತಾ ಹೊರಗೆ ಹೋದರು. ಒಳಗೆ ಏನಾಯಿತೆಂದು ಆಮೇಲೆ ಸಭೆಯ ನಡಾವಳಿ ಬರೆದುಕೊಳ್ಳುತ್ತಿದ್ದ ಹೆಂಗಸಿನಿಂದ ತಿಳಿಯಿತು. ಗೆರೆ ನನ್ನದು, ತಲೆಗೆ ಹೊಳೆಯಿತು, ಹಾಕಿದೆ ಎಂದರಂತೆ ಲೋಜೆ. ಯಾಕೆ ಹೊಳೆಯಿತು ಎಂದು ನಿಚ್ಕೆ ಕೇಳಿದರಂತೆ.

"ನಾನು ಎಂಜಿನಿಯರು. ನಮಗೆ ಒಂದೊಂದ್ಸಲ ಹಾಗಾಗುತ್ತೆ."

ನಿರ್ದೇಶಕರ ತೊಂದರೆ ಬೇರೆಯಿತ್ತು. ಓಡುವ ಚಿಪ್ ಕೈಯಲ್ಲಿದೆ, ಆದರೆ ಅದಕ್ಕೆ ಮೂಲವಿಲ್ಲ. ಮೂಲವಿಲ್ಲದ್ದಕ್ಕೆ ಜವಾಬ್ದಾರಿ ಹೊರುವವರು ಯಾರು? ನಾಳೆ ಕೆಟ್ಟರೆ ಯಾರನ್ನು ತೋರಿಸುವುದು? ಓಡುತ್ತಿದ್ದ ಮೂರನ್ನೂ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಹೊಸ ಮಾದರಿ ತರಿಸಿಕೊಡಿ ಎಂದು ಮೇಲಿನವರಿಗೆ ಬರೆದರು. ಲೋಜೆ ಅವರನ್ನು ಇಸ್ತ್ರಿ ಪೆಟ್ಟಿಗೆಗೆ ಶಾಖ ನಿಯಂತ್ರಕ ಮಾಡುವ ಸಣ್ಣ ಕಾರ್ಖಾನೆಗೆ ವರ್ಗ ಮಾಡಿದರು. ರೋಸ್ವಿತಾ ತಮ್ಮ ಜಾಗದಲ್ಲೇ ಉಳಿದರು. ಮೂಲೆ ಓದಿದ ವಿಷಯ ಎಂದೂ ಹೊರಬರಲಿಲ್ಲ.

ಹೊಸ ಡಬ್ಬಿ ಬರಲು ಹದಿನೈದು ತಿಂಗಳು ಹಿಡಿಯಿತು. ಯಾರೋ ಎಲ್ಲೋ ತಮ್ಮ ಕುತ್ತಿಗೆಯನ್ನು ಅಪಾಯಕ್ಕೊಡ್ಡಿ ತಂದಿರಬೇಕು. ೧೯೮೮ರ ಜೂನ್‌ನಲ್ಲಿ ರೋಸ್ವಿತಾ ಮೊದಲ ಪದರ ಕರಗಿಸಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು, ನೇರವಾಗಿ ಆ ಜಾಗಕ್ಕೇ ಹೋದರು. ಅಲ್ಲಿ ತಂತಿ ನಿಂತಿರಲಿಲ್ಲ. ಮುಂದೆ ಹೋಗಿ ಸೇರಬೇಕಾದಲ್ಲಿ ಸೇರಿತ್ತು. ತಮ್ಮ ಪೆಟ್ಟಿಗೆಯೊಳಗೇ ಇದ್ದದ್ದನ್ನು ದೇಶ ಎರಡನೆಯ ಸಲ ಕದ್ದು ತರಿಸಿತ್ತು.

ಆ ಭಾನುವಾರ ಅವರು ಚೆರ್ರಿ ಹಾಕಿ ಕೇಕ್ ಮಾಡಿ, ಟ್ರಾಮ್ ಹತ್ತಿ, ಊರಾಚೆ ಬಾಡಿಗೆ ತೋಟಗಳಿರುವ ಕಡೆ ಹೋದರು. ಲೋಜೆ ತಮ್ಮ ಪುಟ್ಟ ತೋಟದಲ್ಲಿ ಬೀನ್ಸ್ ಬಳ್ಳಿಗೆ ಕೋಲು ನೆಡುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಕೆಲಸ ಹೇಗಿದೆ ಎಂದು ರೋಸ್ವಿತಾ ಹೆದರುತ್ತಲೇ ಕೇಳಿದರು. ಚೆನ್ನಾಗಿದೆ ಎಂದರು ಲೋಜೆ. ಶಾಖ ನಿಯಂತ್ರಕವನ್ನು ಕದ್ದು ತಂದುಕೊಡುವಷ್ಟು ಮುಖ್ಯವೆಂದು ಯಾರೂ ತಿಳಿದಿಲ್ಲವಾದ್ದರಿಂದ ಎಲ್ಲವನ್ನೂ ತಾವೇ ಯೋಚಿಸಬೇಕಾಗಿದೆಯಂತೆ, ಈಗಾಗಲೇ ಎರಡು ಹೊಸ ಬಗೆ ಮಾಡಿದ್ದಾರಂತೆ.

ಆಮೇಲೆ ಆಕೆ ಬಂದ ವಿಷಯ ಹೇಳಿದರು.

"ಎಲ್ಲಿ ಹಾಕಿದಾರೆ?" ಎಂದರು ಲೋಜೆ.

"ನಾವು ಹಾಕಿದ್ ಕಡೆನೇ. ಆದ್ರೆ ಅವರದ್ದು ಒಂದು ಸುತ್ತು ಬಳಸ್ಕೊಂಡು ಹೋಗಿದೆ."

"ನಮ್ಮದು?"

"ನೇರ."

ಲೋಜೆ ಕೈಲಿದ್ದ ಕೋಲು ಕೊಟ್ಟರು. ರೋಸ್ವಿತಾ ಪಾತಿಯ ಮಣ್ಣಿನಲ್ಲಿ ಎರಡು ಗೆರೆಯನ್ನೂ ಪಕ್ಕಪಕ್ಕ ಎಳೆದರು. ಲೋಜೆ ಬಹಳ ಹೊತ್ತು ನೋಡಿ, ಬೂಟಿನಿಂದ ಎರಡನ್ನೂ ಅಳಿಸಿದರು. ಅವರು ನಕ್ಕದ್ದನ್ನು ರೋಸ್ವಿತಾ ನೋಡಿದ್ದು ಅದೇ ಮೊದಲು. ತೋಟದ ಸಣ್ಣ ಮನೆಯೊಳಗಿಂದ ಎರಡು ಸಣ್ಣ ಲೋಟದಲ್ಲಿ ಚೆರ್ರಿ ಬ್ರಾಂದಿ ತಂದು, ಇನ್ನು ಮೇಲೆ ಡಾಕ್ಟರು-ಗೀಕ್ಟರು, ನೀವು-ತಾವು ಯಾವುದೂ ಬೇಡ, ನನ್ನ ಹೆಸರು ಎಬರ್‌ಹಾರ್ಡ್ ಎಂದರು. ಅಲ್ಲಿ ಅದನ್ನು ಹೇಳುವ ಹಕ್ಕು ಹಿರಿಯರದ್ದು, ಹೇಳಿಸಿಕೊಳ್ಳುವುದು ದೊಡ್ಡ ಮಾತು.

ರೋಸ್ವಿತಾ ಹದಿನೈದು ತಿಂಗಳಿಂದ ಹೇಳಬೇಕೆಂದಿದ್ದ ಕೃತಜ್ಞತೆಯ ಮಾತನ್ನು ಆಗ ಹೇಳಿದರು. ನನ್ನಿಂದಾಗಿ ಇಸ್ತ್ರಿ ಪೆಟ್ಟಿಗೆ ಕಾರ್ಖಾನೆಗೆ ಹೋಗಬೇಕಾಯಿತು ಎಂದು ಶುರುಮಾಡಿದ್ದನ್ನು ಲೋಜೆ ಕೈಯೆತ್ತಿ ತಡೆದರು.

"ನಾನೇನ್ ಮಾಡ್ದೆ, ರೋಸ್ವಿತಾ? ಅವತ್ತು ಆ ಕಬ್ಬಿಣದ ಪೆಟ್ಟಿಗೆ ತೆಗೀಲಿಲ್ಲ, ಅಷ್ಟೆ."

"ಅದಕ್ಕೇ ಬಂದಿದೀನಿ," ಎಂದು ಅವರು ಕೇಕ್ ಕತ್ತರಿಸಿದರು.