ಹಸು ಗೂಟ ಕಿತ್ತುಕೊಂಡು ಹೋದ ಹಬ್ಬ

ಮಗಳ ಮದುವೆಯಾದ ವರ್ಷ, ಅಳಿಯನ ಮೊದಲ ದೀಪಾವಳಿಗೆಂದು ಐದು ಸಾವಿರದ ಸರ ಪಟಾಕಿ ತಂದವನು ನಾನೇ. ಯಾರೂ ಕೇಳಿರಲಿಲ್ಲ. ಅಳಿಯ ಬಂದ ಮನೆಯ ಬಾಗಿಲಲ್ಲಿ ಸದ್ದಾಗಬೇಕು, ನಾಲ್ಕು ಬೀದಿಗೆ ಕೇಳಿಸಬೇಕು ಅನ್ನುವುದು ನನ್ನ ಆಸೆಯಾಗಿತ್ತು.

ಬೆಂಗಳೂರಿನ ಅಂಚಿನ ಸಿಂಗಾಪುರದಲ್ಲಿ ನಮ್ಮದು ಹಳೇ ಮನೆ. ಹೊಲ ಇದ್ದ ಕಡೆಯೆಲ್ಲ ಲೇಔಟ್ ಆಗಿದೆ. ನಾನು ಸ್ಕೂಲ್ ವ್ಯಾನ್ ಓಡಿಸಲು ಹಿಡಿದು ಇಪ್ಪತ್ತು ವರ್ಷದ ಮೇಲಾಯಿತು. ಆದರೂ ಅಮ್ಮ ಒಂದು ಹಸುವನ್ನು ಮಾತ್ರ ಬಿಟ್ಟಿರಲಿಲ್ಲ. ಹಿತ್ತಲಲ್ಲಿ ತಗಡು ಹೊದಿಸಿದ ಕೊಟ್ಟಿಗೆ. ಅದರ ಎರಡೂ ಪಕ್ಕ ಮೂರು ಮೂರು ಅಂತಸ್ತಿನ ಮನೆಗಳು. ಆ ಸಲ ಹಸು ತುಂಬು ಗಬ್ಬವಾಗಿತ್ತು. ಕೆಚ್ಚಲು ಬಿಗಿದುಕೊಂಡಿತ್ತು, ಹಿಂಡಿ ಇಟ್ಟರೂ ಮೂಸಿ ಬಿಡುತ್ತಿತ್ತು. ಅಮ್ಮ ನಾಲ್ಕು ದಿನದಿಂದ ರಾತ್ರಿ ಎರಡು ಸಲ ಎದ್ದು ಅದರ ಬೆನ್ನು ಸವರಿ ಬರುತ್ತಿದ್ದಳು.

ನರಕ ಚತುರ್ದಶಿಯ ಬೆಳಗ್ಗೆ, ಇನ್ನೂ ಕತ್ತಲಿರುವಾಗಲೇ ಅಳಿಯನಿಗೆ ಎಣ್ಣೆ ನೀರಾಯಿತು. ಅವನು ಆರ್.ಟಿ. ನಗರದ ಫ್ಲಾಟಿನಲ್ಲಿ ಬೆಳೆದ ಹುಡುಗ. ಒಳ್ಳೆಯವನು, ಮಾತು ಕಡಿಮೆ. ಹಿತ್ತಲಿಗೆ ಹೋದರೆ ಕೊಟ್ಟಿಗೆಯಿಂದ ನಾಲ್ಕು ಮಾರು ದೂರವೇ ನಿಲ್ಲುತ್ತಿದ್ದ. ಹಸುವೆಂದರೆ ಅವನಿಗೆ ಭಯ. ನಾವು ಕೊಟ್ಟ ರೇಷ್ಮೆ ಪಂಚೆ ಉಟ್ಟು ಅವನು ಹೊರಗೆ ಬರುವಷ್ಟರಲ್ಲಿ ನಾನು ಗೇಟಿನಿಂದ ರಸ್ತೆಯ ಉದ್ದಕ್ಕೂ ಸರ ಹಾಸಿದ್ದೆ.

ಅಮ್ಮ ಹಿತ್ತಲಿಂದ ಬಂದು ಅದನ್ನು ನೋಡಿ ನಿಂತಳು. "ಅಸ ಇವತ್ತೋ ನಾಳೆನೋ ಅನ್ನಂಗದೆ ಕಣಪ್ಪ. ಸರ ಅಚ್ಚೋದಾದ್ರೆ ಮೊದ್ಲು ಅದನ್ನ ದೂರ ಎಲ್ಲಾದ್ರೂ ಕಟ್ಟಿ ಬಾ."

"ಎರಡು ನಿಮಿಷದ ಸದ್ದು ಕಣಮ್ಮ. ವರ್ಷಕ್ಕೊಂದು ಹಬ್ಬ. ಏನೂ ಆಗಲ್ಲ" ಅಂದೆ.

ಅವಳು ವಾದ ಮಾಡಲಿಲ್ಲ. ಹಸುವಿನ ಹತ್ತಿರ ನಿಂತಿರುತ್ತೇನೆ ಎಂದು ವಾಪಸ್ ಹೋದಳು. ಅಳಿಯ ನನ್ನ ಮುಖ ನೋಡಿದ. ಹಚ್ಚು ಎಂದು ಊದುಬತ್ತಿ ಕೊಟ್ಟೆ.

ಮೊದಲೆಲ್ಲ ಬಯಲಿದ್ದಾಗ ಪಟಾಕಿಯ ಸದ್ದು ಹಾಗೇ ಹರಡಿ ಹೋಗುತ್ತಿತ್ತು. ಈಗ ಗೋಡೆಗೆ ಗೋಡೆ ತಾಗಿದ ಮನೆಗಳು. ಸದ್ದು ಆಚೆ ಹೋಗಲಾಗದೆ ನಮ್ಮ ಮೇಲೆಯೇ ವಾಪಸ್ ಬಂದು ಬೀಳುತ್ತಿತ್ತು. ನನಗೇ ಎದೆ ನಡುಗಿತು. ಆದರೂ ಮೇಲಿನ ಮನೆಯವರು ಬಾಲ್ಕನಿಗೆ ಬಂದು ನೋಡುತ್ತಿದ್ದರಲ್ಲ, ನಗುತ್ತಲೇ ನಿಂತಿದ್ದೆ. ಸರ ಮುಗಿದು, ಕಿವಿಯಲ್ಲಿ ಗುಂಯ್ ಎನ್ನುವುದು ನಿಲ್ಲುವ ಮೊದಲೇ, ಹೊಗೆಯ ನಡುವೆ ಅಮ್ಮ ಬಂದಳು. ಅವಳ ಅಂಗೈ ಹಗ್ಗ ತರಚಿ ಕೆಂಪಾಗಿತ್ತು.

"ಅಸ ಓಯ್ತು" ಅಂದಳು.

ಹಿತ್ತಲಿಗೆ ಓಡಿದೆ. ಗೂಟ ಇದ್ದ ಜಾಗದಲ್ಲಿ ಗುಂಡಿ. ಹಿಂದಿನ ಓಣಿಗೆ ಅಡ್ಡ ಕಟ್ಟಿದ್ದ ತಗಡು ಹೊರಕ್ಕೆ ಬಾಗಿತ್ತು, ಅದರ ಅಂಚಿನಲ್ಲಿ ರಕ್ತವಿತ್ತು. ಎಷ್ಟು ಆಳಕ್ಕೆ ಕೊಯ್ದಿದೆಯೋ, ಹೊಟ್ಟೆಗೋ ಕಾಲಿಗೋ, ಒಂದೂ ಗೊತ್ತಾಗಲಿಲ್ಲ. ಓಣಿಯಲ್ಲಿ ಓಡಿ ಮೇನ್ ರೋಡಿನ ತನಕ ಹೋದೆ. ಹಸು ಕಾಣಲಿಲ್ಲ.

ವ್ಯಾನ್ ತೆಗೆಯೋಣವೆಂದರೆ ಅದರ ಕೆಳಗೆ ನಮ್ಮ ಬೀದಿಯ ನಾಯಿ ಸೇರಿಕೊಂಡಿತ್ತು. ದಿನಾ ನೆರಳಿಗೆ ಮಲಗುವ ನಾಯಿಯೇ, ಆದರೆ ಆವತ್ತು ಹಿಂದಿನ ಚಕ್ರಗಳ ನಡುವೆ ಮುದುರಿಕೊಂಡು, ಜೊಲ್ಲು ಸುರಿಸುತ್ತ ನಡುಗುತ್ತಿತ್ತು. ಕರೆದರೂ ಬರಲಿಲ್ಲ, ಗದರಿಸಿದರೆ ಇನ್ನೂ ಒಳಕ್ಕೆ ಹೋಯಿತು. ಕೊನೆಗೆ ಅಳಿಯ ರೇಷ್ಮೆ ಪಂಚೆಯಲ್ಲೇ ನೆಲಕ್ಕೆ ಒರಗಿ, ಹತ್ತು ನಿಮಿಷ ಮೆಲ್ಲಗೆ ಮಾತಾಡಿಸಿ ಅದನ್ನು ಎತ್ತಿಕೊಂಡು ಬಂದು ಬಚ್ಚಲುಮನೆಯಲ್ಲಿ ಬಿಟ್ಟ. ಅದೇ ಬಟ್ಟೆಯಲ್ಲಿ ವ್ಯಾನ್ ಹತ್ತಿ ನನ್ನ ಪಕ್ಕ ಕುಳಿತ. ತಿಂಡಿ ತಿಂದುಕೊಂಡು ಹೋಗಿ ಎಂದು ಮಗಳು ಕೂಗಿದ್ದು ಇಬ್ಬರೂ ಕೇಳಿಸದವರಂತಿದ್ದೆವು.

ಕೆರೆ ಏರಿ ನೋಡಿದೆವು. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಸರಿಸಿ ನೋಡಿದೆವು. ಸಿಕ್ಕವರನ್ನೆಲ್ಲ ಕೇಳಿದೆವು. ಕೆಲವರು ಹೊಸ ಬಟ್ಟೆಯಲ್ಲಿ ನಿಂತು, ಹಸುವಾ ಎಂದು ನಕ್ಕರು. ಈ ಲೇಔಟಿನಲ್ಲಿ ಹಸು ಇದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಎಲ್ಲೋ ಒಂದು ಪಟಾಕಿ ಢಂ ಎಂದಾಗಲೆಲ್ಲ, ಹಸು ಆ ಕಡೆ ಇದ್ದರೆ ಈಗ ಇನ್ನೂ ಮುಂದಕ್ಕೆ ಓಡಿರುತ್ತದೆ ಎಂದುಕೊಳ್ಳುತ್ತಿದ್ದೆ. ಹತ್ತು ಗಂಟೆ ಹೊತ್ತಿಗೆ ಹೂ ಮಾರುವ ಹೆಂಗಸೊಬ್ಬಳು, ಹಗ್ಗ ಎಳೆದುಕೊಂಡು ಒಂದು ಹಸು ರೈಲ್ವೆ ಲೈನ್ ಕಡೆಗೆ ಹೋಯಿತು, ಬಾಯಲ್ಲಿ ನೊರೆ ಇತ್ತು ಎಂದಳು.

ರೈಲು ಎಂದ ಮೇಲೆ ನನಗೆ ಬೇರೆ ಯೋಚನೆಯೇ ಬರಲಿಲ್ಲ. ದಾರಿಯಲ್ಲೇ ಇದ್ದ ನಮ್ಮ ಮನೆಗೆ ಬಂದು ಅಮ್ಮನಿಗೆ ಏನೂ ಹೇಳದೆ ನೀರು ಕುಡಿದೆ. ಅವಳು ನನ್ನ ಮುಖ ನೋಡಿದವಳೇ ತಾನೂ ಬಂದು ವ್ಯಾನಿನಲ್ಲಿ ಕುಳಿತಳು.

ಚಿಕ್ಕಬಾಣಾವರ ಸ್ಟೇಷನ್ನಿನ ಹತ್ತಿರ ವ್ಯಾನ್ ನಿಲ್ಲಿಸಿ, ಅಳಿಯ ಒಂದು ಕಡೆಗೆ, ನಾನು ಒಂದು ಕಡೆಗೆ, ಹಳಿಯ ಪಕ್ಕದ ದಾರಿಯಲ್ಲಿ ನಡೆದೆವು. ದೂರದಲ್ಲಿ ಕಪ್ಪಗೆ ಏನು ಕಂಡರೂ ಹಸುವೇ ಎಂದುಕೊಂಡು ಓಡುತ್ತಿದ್ದೆ. ಒಂದು ಸಲ ಅದು ಟಯರ್ ಆಗಿತ್ತು, ಇನ್ನೊಂದು ಸಲ ಹಳೇ ಕಂಬಳಿ. ಹಳಿ ನೋಡಿಕೊಳ್ಳುವ ಕೆಲಸಗಾರನೊಬ್ಬ ಎದುರಾದ. ಕೇಳಲು ಭಯವಾಯಿತು, ಕೇಳಿದೆ. ಬೆಳಗ್ಗೆಯಿಂದ ಹಳಿಯ ಮೇಲೆ ಯಾವ ದನವೂ ಸಿಕ್ಕಿಲ್ಲ ಎಂದ. ನಾನು ಅಲ್ಲೇ ಜಲ್ಲಿಯ ಮೇಲೆ ಕುಳಿತುಬಿಟ್ಟೆ.

ವಾಪಸ್ ಬಂದು ಅಮ್ಮನಿಗೆ ಹೇಳಿದೆ. ಅವಳು, ಈಯುವ ಹಸು ಬಯಲಲ್ಲಿ ನಿಲ್ಲುವುದಿಲ್ಲ, ಸದ್ದಿಲ್ಲದ ಮರೆ ಹುಡುಕುತ್ತದೆ, ಅಂಥ ಕಡೆ ನೋಡಿ ಎಂದಳು. ಆಗ ಮಧ್ಯಾಹ್ನ ಎರಡಾಗಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಊರಿಗೆ ಊರೇ ಪಟಾಕಿ ಹೊಡೆಯುತ್ತದೆ, ಅಷ್ಟರೊಳಗೆ ಸಿಗಬೇಕಿತ್ತು. ನಾನು ಗಂಟೆ ನೋಡುವುದು ಅವಳಿಗೆ ಕಾಣಬಾರದೆಂದು ಫೋನನ್ನು ತೊಡೆಯ ಕೆಳಗಿಟ್ಟುಕೊಂಡು ಓಡಿಸುತ್ತಿದ್ದೆ. ನೀಲಗಿರಿ ತೋಪಿನ ಚೂರು, ಪಾಳು ಪಂಪ್‌ಹೌಸು, ಮುಚ್ಚಿದ ಇಟ್ಟಿಗೆ ಗೂಡು, ಒಂದೊಂದನ್ನೂ ನೋಡುತ್ತ ನಮ್ಮ ಕಡೆಗೇ ಬಂದೆವು. ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಾಲು ಕರೆಯುವಾಗ ಕರೆಯುವಂತೆ "ಬಾ ಬಾ" ಎನ್ನುತ್ತಿದ್ದಳು. ಅವಳ ಗಂಟಲು ಬಿದ್ದುಹೋಗಿತ್ತು.

ನಾಲ್ಕೂವರೆ ದಾಟಿತ್ತು. ಅರ್ಧಕ್ಕೆ ನಿಂತ ಒಂದು ಅಪಾರ್ಟ್‌ಮೆಂಟಿನ ಹಿಂದೆ ನೋಡಲು ಹೋದ ಅಳಿಯ ಫೋನ್ ಮಾಡಿದ. "ಮಾವ, ಸಿಕ್ತು. ಬೇಗ ಬನ್ನಿ. ಅದಕ್ಕೆ ಏನೋ ಆಗ್ತಿದೆ."

ಮರಳಿನ ಗುಡ್ಡೆಯ ಮೇಲೆ ಗೂಟ ಎಳೆದುಕೊಂಡು ಹೋದ ಗೆರೆ ನೋಡಿ ಅವನು ಒಳಗೆ ಹೋಗಿದ್ದ. ಕಾರು ನಿಲ್ಲಿಸಲು ಕಟ್ಟಿದ ನೆಲಮಾಳಿಗೆಯಲ್ಲಿ, ಮಳೆ ನೀರು ನಿಂತ ಮೂಲೆಯಲ್ಲಿ, ಹಸು ಒಂದು ಮಗ್ಗುಲಿಗೆ ಬಿದ್ದುಕೊಂಡಿತ್ತು. ಮುಂಗಾಲಿನ ಮೇಲೆ ತಗಡು ಕೊಯ್ದ ಗಾಯ. ಹಿಂದೆ ಕರುವಿನ ಎರಡು ಗೊರಸು ಹೊರಗೆ ಕಾಣುತ್ತಿದ್ದವು. ನಾಲ್ಕು ಮಾರು ದೂರ ನಿಲ್ಲುತ್ತಿದ್ದ ನಮ್ಮ ಅಳಿಯ ಆ ನೀರಿನಲ್ಲಿ ಮೊಣಕಾಲೂರಿ ಅದರ ತಲೆಯನ್ನು ಮಡಿಲಲ್ಲಿ ಹಿಡಿದು ಕೂತಿದ್ದ, ಮೂತಿ ನೀರಿಗೆ ಮುಳುಗಬಾರದೆಂದು.

ದನದ ಡಾಕ್ಟರಿಗೆ ಫೋನ್ ಮಾಡಿದೆ. ಮೂರನೇ ಸಲಕ್ಕೆ ತೆಗೆದರು. ಯಲಹಂಕದ ಕಡೆ ಇನ್ನೊಂದು ಹಸುವನ್ನು ನೋಡುತ್ತಿದ್ದೇನೆ, ಒಂದು ಗಂಟೆಯಾಗುತ್ತದೆ, ಅದು ನೋವು ಬಂದು ಮುಕ್ಕಿದಾಗ ಮಾತ್ರ ಕರುವನ್ನು ಎಳೆಯಿರಿ, ಎಣ್ಣೆ ಹಚ್ಚಿ ಎಂದರು. ಎದುರಿನ ಮನೆಗೆ ಓಡಿ ಎಣ್ಣೆ ಕೇಳಿದೆ. ಅಲ್ಲಿದ್ದ ಹೆಂಗಸು ಯಾಕೆಂದು ಕೇಳಿ, ಡಬ್ಬವನ್ನೇ ಕೊಟ್ಟಳು.

ಅಮ್ಮ ಎಣ್ಣೆ ಹಚ್ಚಿ ಕೈಯಾಡಿಸಿದಳು. ಹಸು ಮುಕ್ಕುತ್ತಿತ್ತು, ನಾವು ಎಳೆಯುತ್ತಿದ್ದೆವು, ಕರು ಒಂದಿಷ್ಟು ಜರುಗುತ್ತಿತ್ತು. ಅಷ್ಟರಲ್ಲಿ ಹೊರಗೆ ಪಟಾಕಿ ಶುರುವಾಯಿತು. ನೆಲಮಾಳಿಗೆಯಲ್ಲಿ ಒಂದೊಂದು ಸದ್ದೂ ಹತ್ತಾಗುತ್ತಿತ್ತು. ಪ್ರತಿ ಸಲವೂ ಹಸು ಕಣ್ಣು ಬಿಳಿ ಮಾಡಿ ಏಳಲು ಒದ್ದಾಡಿ, ಮತ್ತೆ ದೊಪ್ಪನೆ ಬೀಳುತ್ತಿತ್ತು, ಮುಕ್ಕುವುದನ್ನೇ ನಿಲ್ಲಿಸುತ್ತಿತ್ತು.

ನಾನು ಹೊರಗೆ ಹೋದೆ. ರಸ್ತೆಯಲ್ಲಿ ನನ್ನ ವಯಸ್ಸಿನವನೇ ಒಬ್ಬ ಮಕ್ಕಳಿಗಾಗಿ ಸರ ಬಿಚ್ಚುತ್ತಿದ್ದ. ಅರ್ಧ ಗಂಟೆ ತಡೆಯಿರಿ, ಒಳಗೆ ಹಸು ಈಯುತ್ತಿದೆ ಎಂದು ಕೈ ಮುಗಿದೆ.

"ವರ್ಷಕ್ಕೊಂದ್ ಹಬ್ಬ ಅಲ್ವಾ ಸಾರ್" ಅಂದ ಅವನು. ಜಗಳದ ದನಿಯಲ್ಲಿ ಹೇಳಲಿಲ್ಲ, ನಗುತ್ತಲೇ ಹೇಳಿದ. ಬೆಳಗ್ಗೆ ನಾನು ಸರ ಹಾಸುವಾಗ ಯಾರಾದರೂ ಹೀಗೆ ಬಂದು ಕೈ ಮುಗಿದಿದ್ದರೆ ನಾನು ಇದಕ್ಕಿಂತ ಒಳ್ಳೆಯ ಮಾತು ಆಡುತ್ತಿರಲಿಲ್ಲ. ಎಣ್ಣೆ ಕೊಟ್ಟ ಹೆಂಗಸು ಗೇಟಿಗೆ ಬಂದು, ಮಕ್ಕಳನ್ನು ಆಚೆ ರಸ್ತೆಗೆ ಕರೆದುಕೊಂಡು ಹೋಗಿ ಎಂದು ಅವನಿಗೆ ಹೇಳಿದಳು. ಅವನು ಸರ ಸುತ್ತಿಕೊಂಡು ಹೋದ. ಆದರೆ ಎಷ್ಟು ಜನರಿಗೆ ಹೇಳಲು ಸಾಧ್ಯ? ಆಕಾಶ ಪೂರ್ತಿ ಸಿಡಿಯುತ್ತಿತ್ತು.

ಡಾಕ್ಟರು ಬಂದಾಗ ಕತ್ತಲಾಗಿತ್ತು. ಅವರು ಕೈ ಹಾಕಿ, ಕರುವಿನ ತಲೆ ಹಿಂದಕ್ಕೆ ಹೊರಳಿದೆ ಎಂದರು. ನಾನು ಹಿಡಿದ ಫೋನಿನ ಬೆಳಕು ಒಂದು ಕಡೆ ನಿಲ್ಲಲಿಲ್ಲ, ಅಳಿಯ ಫೋನನ್ನು ತಾನೇ ತೆಗೆದುಕೊಂಡ. ಕೊನೆಗೂ ಕರು ಬಂತು. ಹೆಣ್ಣುಗರು, ಹಣೆಯ ಮೇಲೆ ಬಿಳಿ. ಅಮ್ಮ ಮೂಗಿನ ಲೋಳೆ ಒರೆಸಿ, ಎದೆ ತಿಕ್ಕಿ, ಕಿವಿಯಲ್ಲಿ ಊದಿದಳು. ಡಾಕ್ಟರು ತಲೆಕೆಳಗಾಗಿ ಎತ್ತಿ ಹಿಡಿದರು. ಅದು ಉಸಿರಾಡಲಿಲ್ಲ.

ತಾಯಿ ಉಳಿಯುತ್ತದೆ ಎಂದರು. ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಹೊಲಿಗೆ ಹಾಕಿದರು. ಹಸು ಕುತ್ತಿಗೆ ಚಾಚಿ ಆ ಕರುವನ್ನು ನೆಕ್ಕತೊಡಗಿತು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಅಮ್ಮ ಬಯ್ಯುತ್ತಾಳೆ ಎಂದು ಕಾಯುತ್ತಿದ್ದೆ, ಬೈದರೆ ಸಾಕಿತ್ತು. ಅವಳು ಕೈ ತೊಳೆದುಕೊಂಡು ಬಂದು ನನ್ನ ತೋಳು ಮುಟ್ಟಿ, "ನೀನೂ ಎದರ್ಕಂಡಿದ್ದೀಯ. ಬೆಳಗ್ಗಿಂದ ಏನೂ ತಿಂದಿಲ್ಲ, ಮನೆಗೋಗಿ ಉಣ್ಣು" ಅಂದಳು. ತಾನು ಕರುವಿನ ಹಿಂದೆ ಬರುವ ಮಾಸು ಬೀಳುವವರೆಗೆ ಅಲ್ಲೇ ಇರುತ್ತೇನೆಂದಳು. ನಾವ್ಯಾರೂ ಹೋಗಲಿಲ್ಲ.

ಮಾರನೇ ದಿನ ಮಧ್ಯಾಹ್ನ ಹಸು ಎದ್ದು ನಿಂತಿತು. ಮೆಲ್ಲಗೆ ನಡೆಸಿಕೊಂಡು ಮನೆಗೆ ತಂದೆವು. ಪಾಡ್ಯದ ದಿನ ಅಮ್ಮ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಪೂಜೆ ಮಾಡಿದಳು. ಗಿಣ್ಣು ಮಾತ್ರ ಮಾಡಲಿಲ್ಲ. ಬಹಳ ದಿನ ಹಸು ಕರೆಯಲು ಹೋದರೆ ಹಾಲು ಬಿಡದೆ ಏರಿಸಿಕೊಳ್ಳುತ್ತಿತ್ತು. ಈಗಲೂ ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿದರೆ ಮೈಯೆಲ್ಲ ಅದುರಿಸುತ್ತದೆ.

ಅಳಿಯನ ಬಳಿ ನಾನು ಒಂದು ವಾರದ ಮೇಲೆ, ಹಬ್ಬ ಕೆಡಿಸಿದೆ, ತಪ್ಪು ತಿಳ್ಕೋಬೇಡ ಎಂದೆ. ಬತ್ತಿ ಹಚ್ಚಿದ್ದು ನಾನಲ್ವಾ ಮಾವ ಎಂದ.

ಮುಂದಿನ ವರ್ಷ ಹಬ್ಬಕ್ಕೆ ಐದು ದಿನ ಮೊದಲೇ ಹಸುವನ್ನು ಹೆಸರಘಟ್ಟದಾಚೆ, ಚಿಕ್ಕಮ್ಮನ ತೋಟಕ್ಕೆ ಬಿಡುವುದೆಂದು ತೀರ್ಮಾನಿಸಿದೆವು. ಗಾಡಿಗೆ ಹತ್ತಿಸಿದರೆ ಹೆದರುತ್ತದೆಂದು ನಡೆಸಿಕೊಂಡೇ ಹೋದೆವು. ಹಗ್ಗ ಹಿಡಿದದ್ದು ಅಳಿಯ. ನಾನು ಹಿಂದೆ ಲಾರಿಗಳನ್ನು ತಡೆಯುತ್ತ ನಡೆದೆ. ಅಮ್ಮನೂ ಅಲ್ಲೇ ಉಳಿದಳು. ಹಬ್ಬದ ಸಂಜೆ ನಾನೂ ಹೋದೆ. ತೋಟದಲ್ಲಿ ಕತ್ತಲು, ತಣ್ಣಗಿತ್ತು. ಆದರೂ ಬೆಂಗಳೂರಿನ ಕಡೆಯಿಂದ ಗುಡುಗಿನಂತೆ ಸದ್ದು ಬರುತ್ತಲೇ ಇತ್ತು. ಹಸು ಮೆಲುಕು ಹಾಕುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿತು. ಅಮ್ಮ ಅದರ ಕುತ್ತಿಗೆಯ ಗಂಗೆದೊಗಲು ಸವರುತ್ತ ಕುಳಿತಳು. ನಾನು ಇನ್ನೊಂದು ಪಕ್ಕದಲ್ಲಿ ಕುಳಿತು, ಅದು ಮತ್ತೆ ಮೆಲುಕು ಹಾಕುವುದನ್ನೇ ಕಾದೆ.