ಅಜ್ಜಿ ಅಂದು ನಿದ್ದೆ ಮಾಡಿರಲಿಲ್ಲ

ಸುಧಾ, ನಿನ್ನ ಎಡಗೈ ಸುಟ್ಟಿದ್ದು ಅಜ್ಜಿಯಿಂದಲ್ಲ, ನನ್ನಿಂದ. ನಾನು ಕೂಸನ್ನು ಅವಳಿಗೆ ಒಪ್ಪಿಸಿ ವಾಕಿಂಗ್ ಹೋಗಿದ್ದೆ, ಅವಳು ನಿದ್ದೆಹೋದಳು ಎಂದು ಈ ಮನೆಯಲ್ಲಿ ಇಷ್ಟು ವರ್ಷ ನಡೆದುಬಂದ ಮಾತಿದೆಯಲ್ಲ — ಅದನ್ನು ಹುಟ್ಟಿಸಿದವಳು ನಾನು. ಅಂದು ಅವಳು ನಿದ್ದೆ ಮಾಡಿರಲಿಲ್ಲ. ನಾನು ನಿನ್ನನ್ನು ಒಪ್ಪಿಸಿಯೂ ಇರಲಿಲ್ಲ. ಹೋಗಬೇಡ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ನಾನು ಹೋದೆ.

ಹೇಳಿದರೆ ಇಷ್ಟೇ ಮಾತು. ಇದನ್ನು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು ಎಂದರೆ — ಗೊತ್ತಿಲ್ಲ. ಹೇಳುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ. ಅದೂ ಬರುತ್ತಿಲ್ಲ.

ನಿನಗಾಗ ನಾಲ್ಕು ವರ್ಷ. ನಾವು, ಅಜ್ಜಿಯೂ ಸೇರಿ, ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಿನ್ನ ಅಪ್ಪ ಹಡಗಲಿ ಕಡೆಯ ಬಸ್ಸಿನ ಡ್ರೈವರ್, ವಾರದಲ್ಲಿ ಮೂರು ನಾಲ್ಕು ರಾತ್ರಿ ಬಸ್ಸಿನ ಜೊತೆ ಅಲ್ಲೇ ಹಾಲ್ಟ್. ನಾನು ಒಂದು ಕಚೇರಿಯಲ್ಲಿ ಟೈಪಿಸ್ಟ್. ಬೆಳಗ್ಗೆ ಕುರ್ಚಿಯ ಮೇಲೆ ಕೂತರೆ ಸಂಜೆ ಏಳುವುದು. ನಿನ್ನ ಅಣ್ಣ ಹುಟ್ಟಿದ ಮೇಲೆ ಬಂದ ಮೈ ಇಳಿಯಲಿಲ್ಲ, ನೀನು ಹುಟ್ಟಿದ ಮೇಲೆ ಇನ್ನಷ್ಟು ಬಂತು. ಕಚೇರಿಯ ಮೆಟ್ಟಿಲು ಹತ್ತಿದರೆ ಮಾತನಾಡಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಕೊಟ್ಟೂರಿನಲ್ಲಿ ಒಂದು ಮದುವೆಗೆ ಹೋದಾಗ ದೂರದ ಬಳಗದ ಹೆಂಗಸೊಬ್ಬಳು ನನ್ನ ಹೊಟ್ಟೆ ನೋಡಿ, "ಎಷ್ಟು ತಿಂಗಳವ್ವಾ?" ಎಂದಳು. ಏನೂ ಇಲ್ಲ ಎಂದು ಹೇಳಲಾಗದೆ ನಾನು ಸುಮ್ಮನೆ ತಲೆಯಾಡಿಸಿ ಊಟಕ್ಕೆ ಕೂತೆ. ಊಟ ಮಾಡಲಿಲ್ಲ.

ಡಾಕ್ಟರ್ ಕೂಡ ಹೇಳಿದರು: "ತೂಕ ಇಳಿಸ್ರಿ. ಇಲ್ಲಾಂದ್ರ ನಲವತ್ತು ದಾಟೂದರಾಗ ಬಿ.ಪಿ., ಸಕ್ಕರಿ ಎರಡೂ ಹಿಡಕೊಂತಾವ. ದಿನಾ ಏನರ ಒಂದು ಕಸರತ್ತು ಮಾಡ್ರಿ."

ಏನಾದರೂ ಒಂದು ಎಂದರೆ ಯಾವುದು? ಹೊತ್ತು ಎಲ್ಲಿತ್ತು? ಮೊದಲು ನಿನ್ನ ಅಣ್ಣನ ಹಗ್ಗ ತೆಗೆದುಕೊಂಡು ಹಿತ್ತಿಲಲ್ಲಿ ಸ್ಕಿಪ್ಪಿಂಗ್ ಆಡಿದೆ. ಪಕ್ಕದ ಮನೆಯ ಮಕ್ಕಳು ಗೋಡೆ ಹತ್ತಿ ನೋಡಿ ನಕ್ಕವು, ಮೊಣಕಾಲೂ ಹಿಡಿದುಕೊಂಡಿತು. ಸಂಜೆ ಕಲ್ಯಾಣ ಮಂಟಪದಲ್ಲಿ ಯೋಗ ಕಲಿಸುತ್ತಾರೆಂದು ಹೋದೆ. ಸಂಜೆ ಎಂದರೆ ರೊಟ್ಟಿ ಬಡಿಯುವ ಹೊತ್ತು, ಅಣ್ಣನಿಗೆ ಮಗ್ಗಿ ಹೇಳಿಸುವ ಹೊತ್ತು — ಬಿಟ್ಟೆ. ವಾರಪತ್ರಿಕೆಯ ಚಿತ್ರ ನೋಡಿಕೊಂಡು ನೆಲದ ಮೇಲೆ ಮಲಗಿ ಕಾಲೆತ್ತಿದರೆ ನೀನು ಓಡಿಬಂದು ಹೊಟ್ಟೆಯ ಮೇಲೆ ಕೂತು ಕುದುರೆ ಆಡುತ್ತಿದ್ದೆ. ಅಜ್ಜಿ ನೋಡಿ ಹೇಳಿದ್ದಳು: "ಬೀಸೂ ಕಲ್ಲು ಮೂಲ್ಯಾಗ ಸುಮ್ನ ಬಿದ್ದೈತಿ. ದಿನಾ ಒಂದಿಷ್ಟು ಜ್ವಾಳ ಬೀಸು. ಹಿಟ್ಟೂ ಆಕೈತಿ, ಮೈಯೂ ಕರಗತೈತಿ." ಅದನ್ನೂ ಮಾಡಿದೆ. ಆದರೆ ಬೀಸುವುದು ಮನೆಗೆಲಸಕ್ಕೆ ಇನ್ನೊಂದು ಕೆಲಸ ಸೇರಿದಂತಾಯಿತು, ಅಷ್ಟೆ. ನನಗೆ ಬೇಕಾದದ್ದು — ಏನು ಬೇಕಾಗಿತ್ತೆಂದು ನನಗೆ ಆಗ ಗೊತ್ತಿರಲಿಲ್ಲ.

ಹಿಂದಿನ ಓಣಿಯ ರೇಣುಕಾ ವಾಕಿಂಗ್‌ಗೆ ಕರೆದಾಗ ಗೊತ್ತಾಯಿತು. ಬೆಳಕು ಹರಿಯುವ ಮುಂಚೆ ಎದ್ದು ರೈಲು ಸ್ಟೇಷನ್ ದಾರಿಯಲ್ಲಿ ನಡೆದು, ಮಕ್ಕಳು ಏಳುವ ಹೊತ್ತಿಗೆ ಮನೆ ಸೇರುವುದು. ನಿನ್ನ ಅಪ್ಪ ಒಪ್ಪಲಿಲ್ಲ.

"ಬೆಳ್ಳಂಬೆಳಗ್ಗೆ ಹೆಣ್ಮಕ್ಕಳು ಕೈ ಬೀಸಿಕೊಂತ ರೋಡಿನ್ಯಾಗ ಹೊಂಟ್ರ ಮಂದಿ ಏನಂತಾರ?"

ಉತ್ತರ ಕೊಟ್ಟವಳು ಅಜ್ಜಿ. "ನಾಳೆ ಆಕಿ ಕಾಲು ಬ್ಯಾನಿ ಆದ್ರ ಮಂದಿ ಬಂದು ಒತ್ತತಾರೇನು? ಹೋಗ್ಲಿ ಬಿಡು. ಮಕ್ಕಳ ಹತ್ರ ನಾ ಇರ್ತೀನಿ."

"ಮಕ್ಕಳಿಗೆ ಏನರ ಆತು ಅಂದ್ರ ಅವತ್ತಿಗೇ ಬಂದ್, ನೋಡು," ಎಂದು ಹೇಳಿ ಅವರು ಡ್ಯೂಟಿಗೆ ಹೋದರು.

ಹೀಗೆ ಆ ಬೆಳಗಿನ ಹೊತ್ತನ್ನು ನನಗೆ ಕೊಡಿಸಿದವಳು ನಿನ್ನ ಅಜ್ಜಿ. ಅಲ್ಲಿ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಟೈಪು ಮಾಡು ಎನ್ನುವವರಿಲ್ಲ, ನೀರು ಕೊಡು ಎನ್ನುವವರಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ರವಿಕೆ ಸಡಿಲಾಯಿತು, ಮೆಟ್ಟಿಲು ಹತ್ತಿದರೂ ದಮ್ಮು ಬರುತ್ತಿರಲಿಲ್ಲ. ಭಾನುವಾರವೂ ಬಿಡುತ್ತಿರಲಿಲ್ಲ. ಒಂದು ದಿನ ತಪ್ಪಿದರೆ ಎಲ್ಲ ತಿರುಗಿ ಬರುತ್ತದೆ ಎಂಬ ಹೆದರಿಕೆ ಹುಟ್ಟಿತ್ತು. ಅದು ತೂಕದ ಹೆದರಿಕೆ ಮಾತ್ರ ಆಗಿತ್ತೋ ಏನೋ.

ಆ ದಿನಗಳಲ್ಲಿ ಅಜ್ಜಿಗೆ ಜ್ವರ ಬಂದಿತ್ತು. ಅಂದು ಅಪ್ಪನಿಗೆ ರಾತ್ರಿ ಹಾಲ್ಟ್ ಇತ್ತು, ನೀನೂ ಅಣ್ಣನೂ ಒಳಗೆ ಮಲಗಿದ್ದಿರಿ. ನಾನು ಎಂದಿನಂತೆ ಎದ್ದು, ಬರುವಷ್ಟರಲ್ಲಿ ನೀರು ಕಾದಿರಲಿ ಎಂದು ಬಚ್ಚಲಿನ ಹಂಡೆಯ ಒಲೆಗೆ ಕಟ್ಟಿಗೆ ಇಟ್ಟು ಬೆಂಕಿ ಹಚ್ಚಿದೆ. ಅಜ್ಜಿ ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತಿದ್ದಳು.

"ಇವತ್ತೊಂದಿನ ಬ್ಯಾಡ ಸರೋಜಾ. ತಲಿ ತಿರುಗಾಕತ್ತೈತಿ. ಕೂಸು ಎದ್ರ ಅದರ ಹಿಂದ ಅಡ್ಡಾಡಾಕ ನನ್ನ ಕೈಲೆ ಆಗಂಗಿಲ್ಲ."

"ಮಲಗ್ಯಾಳ ಬಿಡ್ರಿ ಅತ್ತಿ. ಏಳೂದರಾಗ ಬರ್ತೀನಿ."

"ಹಂಗಾದ್ರ ಒಲಿ ಆರಿಸಿ ಹೋಗು."

ನಾನು ಆರಿಸಲಿಲ್ಲ. ಬಂದ ಕೂಡಲೇ ಸ್ನಾನಕ್ಕೆ ನೀರು ಬೇಕಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಅಷ್ಟೇ ಅಲ್ಲ — ಅಂದು ಸ್ಟೇಷನ್ ಬಳಿ ರೇಣುಕಾ ತಿರುಗೋಣ ಎಂದಾಗ, ಇನ್ನೊಂದಿಷ್ಟು ದೂರ ಹೋಗೋಣ ಎಂದವಳೂ ನಾನೇ. ಗಾಳಿ ತಣ್ಣಗಿತ್ತು. ಚೆನ್ನಾಗಿತ್ತು.

ತಿರುಗಿ ಬಂದಾಗ ಬಾಗಿಲಲ್ಲಿ ಜನ ನಿಂತಿದ್ದರು. ಸುಧಾ, ಆಗ ನನ್ನ ತಲೆಯಲ್ಲಿ ಮೊದಲು ಬಂದ ಮಾತು ಯಾವುದು ಗೊತ್ತೇ? "ಇನ್ನು ನನ್ನ ವಾಕಿಂಗ್ ಹೋಯಿತು." ನಿನಗೆ ಏನಾಯಿತು ಎಂಬುದು ಅದರ ಹಿಂದೆ ಬಂತು. ಇದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ, ಯಾರಿಗೂ ತಿಳಿಯುವ ಹಾಗೂ ಇರಲಿಲ್ಲ. ಆದರೂ ಹೇಳುತ್ತಿದ್ದೇನೆ.

ನೀನು ಎದ್ದು ನನ್ನನ್ನು ಹುಡುಕಿಕೊಂಡು ಬಚ್ಚಲಿಗೆ ಹೋಗಿದ್ದೆ. ಆ ಹೊತ್ತಿನಲ್ಲಿ ನಾನು ಅಲ್ಲಿರುತ್ತೇನೆಂದು ನಿನಗೆ ಗೊತ್ತಿತ್ತು. ಒಲೆಯಿಂದ ಹೊರಗೆ ಚಾಚಿದ್ದ ಕಟ್ಟಿಗೆಯನ್ನು ಎಳೆದಿದ್ದೆ. ಫ್ರಾಕಿನ ತೋಳಿಗೆ ಬೆಂಕಿ ಹತ್ತಿತು. ನೀನು ಎದ್ದದ್ದನ್ನು ಕಂಡ ಅಜ್ಜಿ ಗೋಡೆ ಹಿಡಿದುಕೊಂಡು ನಿನ್ನ ಹಿಂದೆಯೇ ಹೊರಟಿದ್ದಳು, ಆದರೆ ತಲುಪುವುದು ತಡವಾಯಿತು. ಬರಿಗೈಯಲ್ಲಿ ಬೆಂಕಿ ಹೊಸಕಿ, ಕಂಬಳಿಯಲ್ಲಿ ನಿನ್ನನ್ನು ಸುತ್ತಿದ್ದಳು. ನಿನ್ನ ಕಿರುಚಾಟಕ್ಕೆ ಬಂದ ಪಕ್ಕದ ಮನೆಯವರು ನೋಡಿದಾಗ ಕಂಬಳಿ ಹೊಗೆಯಾಡುತ್ತಿತ್ತಂತೆ, ಅಜ್ಜಿಯ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವಂತೆ. ಹಿಂದೆಯೇ ಹೋಗಿದ್ದೆ, ಹೊತ್ತಿಗೆ ಸರಿಯಾಗಿ ಮುಟ್ಟಲಾಗಲಿಲ್ಲ ಎಂಬುದನ್ನು ಅವಳು ನನಗೆ ಒಬ್ಬಳಿಗೇ ಹೇಳಿದಳು, ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ. ನಿದ್ದೆ ಮಾಡಿದವಳು ಹೇಗೆ ಅಷ್ಟು ಬೇಗ ಬಂದಾಳು ಎಂದು ಆಮೇಲೆ ಯಾರೂ ಕೇಳಲಿಲ್ಲ. ನಾನಂತೂ ಕೇಳುವ ಹಾಗಿರಲಿಲ್ಲ.

ನಿನ್ನ ಅಪ್ಪ ಖಾಕಿಯಲ್ಲೇ ಆಸ್ಪತ್ರೆಗೆ ಬಂದರು. ನಿನ್ನ ಕೈಗೆ ಪಟ್ಟಿ ಸುತ್ತಿ ಮಲಗಿಸಿದ್ದರು. ಅಜ್ಜಿ ಬಾಗಿಲ ಹತ್ತಿರದ ಬೆಂಚಿನ ಮೇಲೆ ಎರಡೂ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು.

"ಕೂಸಿನ್ನ ಯಾರ ಹತ್ರ ಬಿಟ್ಟು ಹೋಗಿದ್ದಿ?"

ಉತ್ತರ ಹೇಳಲು ಕ್ಷಣ ಸಾಕಾಯಿತು. ನಾನು ಯೋಚಿಸಲೂ ಇಲ್ಲ.

"ಅತ್ತಿ ಕೈಯಾಗ ಕೊಟ್ಟು ಹೋಗಿದ್ದೆ. ಅವರಿಗೆ ನಿದ್ದಿ ಹತ್ತಿರಬೇಕು."

ಅವರು ತಾಯಿಯ ಕಡೆ ತಿರುಗಿದರು. "ಹೌದೇನವ್ವಾ?"

ಅಜ್ಜಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಏನಿತ್ತೆಂದು ಇವತ್ತಿಗೂ —

"ಹೂಂ. ಜೋಂಪು ಹತ್ತಿತ್ತಪ್ಪಾ," ಎಂದಳು.

ಯಾಕೆ ಹಾಗೆಂದಳು? ಮಗ ನನ್ನ ವಾಕಿಂಗ್ ಬಿಡಿಸುತ್ತಾನೆ ಎಂದೇ? ನೌಕರಿಯನ್ನೂ ಬಿಡಿಸಿಬಿಟ್ಟಾನು ಎಂದೇ? ಗಂಡ ಹೆಂಡಿರ ನಡುವೆ ಜಗಳ ಬೇಡ ಎಂದೇ? ಇಲ್ಲ, ಇಂಥವಳ ಹತ್ತಿರ ಮಾತನಾಡಿ ಫಲವಿಲ್ಲ ಎನ್ನಿಸಿತೇ? ಅದಾದ ಮೇಲೂ ಅವಳು ಬಹಳ ವರ್ಷ ಬದುಕಿದ್ದಳು. ನಾನು ಒಮ್ಮೆಯೂ ಕೇಳಲಿಲ್ಲ.

ಅಂದಿನಿಂದ ನಿನ್ನ ಅಪ್ಪ ತಾಯಿಯೊಡನೆ ಬೇಕಾದಷ್ಟೇ ಮಾತನಾಡಿದರು. "ಕೂಸಿನ್ನ ಅವ್ವನ ಕೈಯಾಗ ಕೊಡಬ್ಯಾಡ" ಎಂದು ನನಗೆ ಹೇಳಿದರು, ಅವಳಿಗೆ ಕೇಳುವ ಹಾಗೆಯೇ. ನೀನು ಎತ್ತಿಕೋ ಎಂದು ಹೋದರೆ ಅಜ್ಜಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಕೆಲವು ತಿಂಗಳಿಗೆ, ಮಾಗಳದಲ್ಲಿದ್ದ ಮಗಳ ಮನೆಗೆ ಹೋಗುತ್ತೇನೆಂದಳು. ಬೇಡ ಎಂದು ಯಾರೂ ಹೇಳಲಿಲ್ಲ. ಅವಳ ಸೀರೆಗಳನ್ನು ಮಡಿಚಿ ಚೀಲಕ್ಕೆ ಹಾಕಿಕೊಟ್ಟವಳು ನಾನು. ಅವಳ ಅಂಗೈ ಆಗ ಪೂರ್ತಿ ಮಡಚುತ್ತಿರಲಿಲ್ಲ.

ಮತ್ತೆ ನಾನು ವಾಕಿಂಗ್ ಶುರುಮಾಡಿದೆ. ಇದು ನಿನಗೆ ಗೊತ್ತಿರಬೇಕು. ಕೂಡ್ಲಿಗಿಯಿಂದ ನನ್ನ ತಂಗಿ ಬಂದು ನಮ್ಮ ಜೊತೆಯಲ್ಲಿದ್ದಳು, ನಿನ್ನನ್ನು ನೋಡಿಕೊಳ್ಳುತ್ತಿದ್ದಳು. ನಿನ್ನ ಅಪ್ಪನೇ ಹೊಸಪೇಟೆಯಿಂದ ಕ್ಯಾನ್ವಾಸ್ ಶೂ ತಂದುಕೊಟ್ಟರು. ತೂಕ ಇಳಿಯಿತು. ಹೇಗೆ ಇಳಿಸಿದಿರಿ ಎಂದು ಕಚೇರಿಯ ಹೆಂಗಸರು ಕೇಳಿದಾಗ, ಬೆಳಗ್ಗೆ ಎದ್ದು ನಡೀರಿ, ಒಂದಿನಾನೂ ತಪ್ಪಿಸಬ್ಯಾಡ್ರಿ ಎಂದು ಹೇಳಿಕೊಡುತ್ತಿದ್ದೆ.

ನೀನು ತುಂಬುತೋಳಿನ ಅಂಗಿ ಹಾಕಿಕೊಂಡು ಬೆಳೆದೆ. ಯಾರಾದರೂ ಕೈ ಏನಾಯಿತು ಎಂದರೆ, "ಅಜ್ಜಿ ನಿದ್ದಿ ಮಾಡಿದ್ಳು" ಎನ್ನುತ್ತಿದ್ದೆ. ಪಾಠ ಒಪ್ಪಿಸಿದ ಹಾಗೆ. ನಾನು ಪಕ್ಕದಲ್ಲೇ ಇರುತ್ತಿದ್ದೆ.

ನೀನು ಹೈಸ್ಕೂಲಿನಲ್ಲಿದ್ದಾಗ ಮಾಗಳದಿಂದ ನಾದಿನಿ ಹೇಳಿಕಳಿಸಿದಳು — ಅವ್ವ ಹಾಸಿಗೆ ಹಿಡಿದಿದ್ದಾಳೆ, ಸುಧಿಯನ್ನು ಒಮ್ಮೆ ನೋಡಬೇಕು ಅಂತಾಳೆ. ನೀನು ಹೇಳಿದ್ದು ನೆನಪಿದೆಯೇ? "ನಾ ಬರಂಗಿಲ್ಲ. ಆಕಿನ್ನ ನೋಡಿದ್ರ ಕೈ ಉರದಂಗ ಆಕೈತಿ." ಆಗಲಾದರೂ ಹೇಳಬಹುದಿತ್ತು. ಬಾಗಿಲು ಹಾಕಿಕೊಂಡು ನಿನ್ನನ್ನು ಕೂರಿಸಿ ಹೇಳಿದ್ದರೆ ನೀನು ಬರುತ್ತಿದ್ದೆ. ನಾನು ಬಸ್ಸು ಹತ್ತಿ ಒಬ್ಬಳೇ ಹೋದೆ.

"ಸುಧಿ ಬರಲಿಲ್ಲೇನು?" ಎಂದಳು ಅಜ್ಜಿ.

"ಪರೀಕ್ಷಿ ಅದಾವ್ರಿ ಅತ್ತಿ."

"ಓದ್ಲಿ," ಎಂದಳು.

ನಾದಿನಿ ಅವಳಿಗೆ ಅನ್ನ ಕಲಸಿ ತುತ್ತು ಮಾಡಿ ಇಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತಿದ್ದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದ ಹೊತ್ತೂ ಇತ್ತು. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ನೀರು ಬೇಕೇನ್ರಿ ಎಂದು ಕೇಳಿದೆ. ಅವಳು ಬೇಡವೆಂದಳು. ಮತ್ತೆ ಅವಳನ್ನು ನಾನು ನೋಡಿದ್ದು ಮಣ್ಣು ಕೊಡುವ ದಿನ. ಅಂದೂ ನೀನು ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಈಗ ನೀನು ಮೊದಲ ಬಾಣಂತನಕ್ಕೆ ಬಂದು, ಅದು ಮುಗಿದ ಮೇಲೂ ಕೂಸಿನ ಜೊತೆ ತವರಲ್ಲೇ ಇದ್ದೀಯ. ಮೊನ್ನೆ ಕನ್ನಡಿಯ ಮುಂದೆ ನಿಂತು, "ಅವ್ವಾ, ಈ ಮೈ ಹೆಂಗ ಇಳಿಸ್ಲಿ? ಮನ್ಯಾಗ ಏನರ ಮಾಡ್ಲೋ, ಬೆಳಗ್ಗೆ ವಾಕಿಂಗ್ ಹೋಗ್ಲೋ?" ಎಂದೆ. ನೀನೇ ಮತ್ತೆ, "ವಾಕಿಂಗೇ ಹೋಗ್ತೀನಿ. ಕೂಸಿನ್ನ ನೀ ನೋಡ್ಕೊ. ಅಜ್ಜಿ ಹಂಗ ನಿದ್ದಿ ಹೊಡಿಬ್ಯಾಡ ಮತ್ತ," ಎಂದು ನಕ್ಕೆ. ಪೇಪರ್ ಓದುತ್ತಿದ್ದ ನಿನ್ನ ಅಪ್ಪನೂ ನಕ್ಕರು. ಸುಧಾ, ನಾನೂ ನಕ್ಕೆ.

ಸತ್ತವಳ ಮೇಲೆ ಇನ್ನೊಂದು ತಲೆಮಾರಿಗೂ ಈ ಮಾತು ನಡೆದುಹೋಗುತ್ತದೆ, ನಿನ್ನ ಕೂಸೂ ಇದನ್ನೇ ಕಲಿಯುತ್ತದೆ. ಅಷ್ಟನ್ನು ಕಾಣಲು ನನಗೆ ಎರಡು ದಿನ ಬೇಕಾಯಿತು.

ಇವತ್ತು ಬೆಳಗ್ಗೆ ನಿನ್ನ ಅಪ್ಪನಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. "ಅವ್ವಗ ನಾ ಏನೇನು ಅಂದೆ," ಎಂದಷ್ಟೇ ಹೇಳಿ ಎದ್ದು ಹೊರಗೆ ಹೋದರು, ಇನ್ನೂ ಬಂದಿಲ್ಲ. ಭಾನುವಾರ ಮಾಗಳಕ್ಕೆ ಹೋಗಿ ನಾದಿನಿಗೆ ಹೇಳುತ್ತೇನೆ. ತಾಯಿಗೆ ತುತ್ತಿಟ್ಟವಳು ಅವಳು. ಅವಳು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳಿ ಬರುತ್ತೇನೆ. ನಿನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಬೇಕಾದವಳ ಹತ್ತಿರ ಕೇಳಲಿಲ್ಲ, ಈಗ ನಿನ್ನನ್ನು ಕೇಳಿ ನಾನು ಹಗುರಾಗುವುದು ಸರಿಯಲ್ಲ.

ನೀನು ವಾಕಿಂಗ್ ಹೋಗು. ಅದರಲ್ಲಿ ತಪ್ಪೇನೂ ಇಲ್ಲ, ನಿನಗೂ ಒಂದು ಹೊತ್ತು ಬೇಕು. ಕೂಸನ್ನು ನನ್ನ ಹತ್ತಿರ ಬಿಡುವುದು, ಬಿಡದಿರುವುದು ನಿನಗೆ ಸೇರಿದ್ದು. ಬಿಡದಿದ್ದರೆ ಯಾಕೆಂದು ನಾನು ಕೇಳುವುದಿಲ್ಲ.