ವೀರಗಲ್ಲಿಗೆ ಬೆಂಕಿ ತೋರಿಸಿದ ದಿನ

ಅಕ್ಕೂರು ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಹನ್ನೊಂದು ವರ್ಷ ಮೇಡಂ ಆಗಿದ್ದೆ. ಅಲ್ಲಿಗೆ ವರ್ಗವಾದವರು ಮುಖ ಗಂಟು ಹಾಕಿಕೊಂಡೇ ಬರುತ್ತಿದ್ದರು. ನಾನು ಮಾತ್ರ ಅಂಟಿಕೊಂಡು ಕೂತಿದ್ದೆ. ಕಾರಣ ಅಂಗಳದ ಹೊಂಗೆಮರ, ಅದರ ಬುಡದಲ್ಲಿದ್ದ ವೀರಗಲ್ಲು. ಹೂ ಉದುರುವ ದಿನಗಳಲ್ಲಿ ಮಕ್ಕಳನ್ನು ಅಲ್ಲೇ ಕೂರಿಸಿಕೊಂಡು ಚರಿತ್ರೆ ಹೇಳುತ್ತಿದ್ದೆ. ಕಲ್ಲಿನಲ್ಲಿ ಕತ್ತಿ ಹಿಡಿದು ನಿಂತವನ ತಲೆಯ ಮೇಲೆ ಮೂರು ಸಾಲು ಹಳೆಗನ್ನಡ ಅಕ್ಷರ. ಓದಿದವರು ಯಾರೂ ಇರಲಿಲ್ಲ. "ಮಿಸ್, ಅವನ ಹೆಸರೇನು?" ಎಂದು ಪ್ರತಿ ವರ್ಷ ಯಾವುದಾದರೂ ಮಗು ಕೇಳುತ್ತಿತ್ತು. ಗೊತ್ತಿಲ್ಲ ಎನ್ನಲು ನನಗೆ ನಾಚಿಕೆ.

ಕೊನೆಗೊಮ್ಮೆ ಶಾಸನ ಓದುವವರೊಬ್ಬರನ್ನು ಕಾಡಿ ಬೇಡಿ ಒಪ್ಪಿಸಿದೆ. ಶನಿವಾರ ಬರುತ್ತೇನೆಂದರು. ಆದರೆ ಊರಿನ ಅಜ್ಜಿಯೊಬ್ಬರು ಸೋಮವಾರ ಸೋಮವಾರ ಹರಳೆಣ್ಣೆ ಹಚ್ಚಿ ಹಚ್ಚಿ ಕಲ್ಲು ಕಪ್ಪಿಟ್ಟು, ಅಕ್ಷರಗಳು ಅರ್ಧಂಬರ್ಧ ಕಾಣುತ್ತಿದ್ದವು. ನನಗೋ ಮೊದಲಿನಿಂದಲೂ ಒಪ್ಪ ಓರಣದ ಹುಚ್ಚು. ಶುಕ್ರವಾರ ಮಕ್ಕಳ ಕೈಗೆ ಸೋಪಿನ ಪುಡಿ, ತೆಂಗಿನ ನಾರು ಕೊಟ್ಟು ಉಜ್ಜಿಸಿದೆ. ಜಪ್ಪಯ್ಯ ಅಂದರೂ ಜಿಡ್ಡು ಬಿಡಲಿಲ್ಲ.

ಮಗಳನ್ನು ಕರೆದೊಯ್ಯಲು ಬಂದಿದ್ದ ಒಬ್ಬರು ನಮ್ಮ ಪಾಡು ನೋಡಿ ನಕ್ಕರು.

"ಯಾಕಿಂಗೆ ಒದ್ದಾಡ್ತಿದ್ದೀರಿ ಮೇಡಮ್ಮೋರೆ? ನಮ್ಮನೇಲಿ ಗನ್ ಐತೆ, ತತ್ತೀನಿ ಇರಿ."

ರೇಷ್ಮೆ ಬೆಳೆ ಮುಗಿದ ಮೇಲೆ, ಮುಂದಿನ ಹುಳುವಿಗೆ ರೋಗ ಅಂಟದಿರಲೆಂದು ತಟ್ಟೆಗಳಿಗೆ ಬೆಂಕಿ ಹಾಯಿಸುವ ಫ್ಲೇಮ್ ಗನ್ ಅದು. ಆ ಊರಲ್ಲಿ ಏನೇ ಚೊಕ್ಕಟ ಮಾಡಬೇಕಾದರೂ ಮೊದಲು ನೆನಪಾಗುವುದು ಅದೇ.

ಸುದ್ದಿ ಕೇಳಿ ಅಜ್ಜಿ ಏದುಸಿರು ಬಿಡುತ್ತಾ ಬಂದರು. "ಬ್ಯಾಡ ಕಣ್ರವ್ವ. ಹಳೇ ಕಲ್ಲು, ಬೆಂಕಿ ತಡಿಯಾಕಿಲ್ಲ."

"ನೀನೊಸಿ ಸುಮ್ಕಿರಜ್ಜಿ, ಎಣ್ಣೆ ಮಾತ್ರ ಉರಿಯೋದು," ಎಂದರು ಗನ್ ತಂದವರು.

ನಾನೂ ತಲೆಯಾಡಿಸಿದೆ. ಅಜ್ಜಿಗೇನು ಗೊತ್ತು ಎಂದುಕೊಂಡೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎಣ್ಣೆ ಹೊಗೆಯಾಡಿ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಒಗ್ಗರಣೆಗೆ ಹಾಕಿದ ಸಾಸಿವೆಯ ಹಾಗೆ ಚಟಪಟ ಸದ್ದು. ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಎದ್ದು ಉದುರಿತು. ನಿಲ್ಲಿಸಿ ಎಂದು ನಾನು ಕೂಗುವಷ್ಟರಲ್ಲಿ ಮೂರು ಸಾಲೂ ಇದ್ದ ಜಾಗ ಬೋಳಾಗಿತ್ತು.

ಮರುದಿನ ಬಂದ ಶಾಸನದವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಕ್ಕೆಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಹಳೇ ಫೋಟೋ ಏನಾದರೂ ಇದೆಯೇ?" ಎಂದು ಕೇಳಿದರು. ಮೊಬೈಲ್ ತೆಗೆದೆ. ಹನ್ನೊಂದೂ ವರ್ಷದ ಶಾಲಾ ವಾರ್ಷಿಕೋತ್ಸವದ ಫೋಟೋಗಳಿದ್ದವು, ಎಲ್ಲವೂ ಆ ಕಲ್ಲಿನ ಮುಂದೆಯೇ ತೆಗೆದವು. ಸಾಲಾಗಿ ಕೂತ ಮಕ್ಕಳ ಹಿಂದೆ, ಅಕ್ಷರಗಳಿಗೆ ಅಡ್ಡವಾಗಿ, ನಗುತ್ತಾ ನಿಂತಿದ್ದವಳು ನಾನು.

ಸೋಮವಾರ ಅಜ್ಜಿ ಎಂದಿನಂತೆ ಬಂದರು. ಬೋಳು ಕಲ್ಲಿಗೆ ಎಣ್ಣೆ ಹಚ್ಚುತ್ತಾ, ನನ್ನ ಮುಖ ನೋಡದೆ, "ಸುಟ್ಟೋಗೈತಲ್ಲ, ಪಾಪ, ಉರೀತದೆ ಅದ್ಕೆ," ಎಂದರು.

ಜೂನ್‌ನಲ್ಲಿ ಹೊಸದಾಗಿ ಸೇರಿದ ಮಗುವೊಂದು ಕಲ್ಲಿನವನ ಹೆಸರು ಕೇಳಿತು. ಆ ವಾರವೇ ವರ್ಗಾವಣೆಗೆ ಅರ್ಜಿ ಹಾಕಿದೆ.